ನೇಪರ್‌ವಿಲ್‌ನ ಪುಟ್ಟ ಕಾರ್ಡ್ ಅಂಗಡಿ: ಐದಕ್ಕೆ ನಾಲ್ಕೂವರೆ

ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿ ನಮ್ಮ ಮನೆ. ಹೋದ ಶನಿವಾರ ಮಗನ ಜೊತೆ ಇಲ್ಲಿನ ಬಾಸ್ಕೆಟ್‌ಬಾಲ್ ಕಾರ್ಡ್ (ಆಟಗಾರರ ಚಿತ್ರವಿರುವ, ಜನ ಸಂಗ್ರಹಿಸುವ ಕಾರ್ಡ್) ಅಂಗಡಿಗೆ ಹೋಗಿದ್ದೆ. ಕೈಯಲ್ಲಿದ್ದದ್ದು ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡಾನ್‌ನ 1986ರ ಕಾರ್ಡ್, ಫ್ಲೀರ್ ಕಂಪನಿಯದ್ದು, ನಂಬರ್ 57. ಗೆಳೆಯರೊಬ್ಬರು ಊರು ಬಿಡುವಾಗ ಮಗನಿಗೆ ಕೊಟ್ಟಿದ್ದು.

ಅಂಗಡಿಯ ಹಿರಿಯರು ಬೆಲೆ ಹೇಳೋಕೆ ಅವಸರ ಮಾಡಲಿಲ್ಲ. ಭೂತಗನ್ನಡಿಯನ್ನು ಮಗನ ಕೈಗೇ ಕೊಟ್ಟರು. ಈ ಕಾರ್ಡಿಗೆ ನಕಲಿ ಜಾಸ್ತಿ, ಹಾಗಾಗಿ ಮೊದಲು ಅಚ್ಚು ನೋಡಿದರು. ಅಸಲಿಯೇ! ಆಮೇಲೆ ಮೂಲೆ, ಅಂಚು. ಕೆಂಪು-ಬಿಳಿ-ನೀಲಿ ಅಂಚಿನ ಒಂದು ಕಡೆ ಸಾಸಿವೆಯಷ್ಟು ಬಣ್ಣ ಎದ್ದು ಬಿಳಿ ಕಾಣುತ್ತಿತ್ತು. ಚಿತ್ರವೂ ನಡುವಿಗಿಲ್ಲ, ಕೂದಲೆಳೆಯಷ್ಟು ಬಲಕ್ಕೆ ಸರಿದಿತ್ತು. ಬರಿಗಣ್ಣಿಗೆ ಇದ್ಯಾವುದೂ ನನಗೆ ಕಂಡಿರಲಿಲ್ಲ.

ಜೋರ್ಡಾನ್ 1984ರಿಂದಲೇ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಡುತ್ತಿದ್ದರೂ ಸಂಗ್ರಾಹಕರಿಗೆ ಇದೇ ಅವನ ರೂಕಿ ಕಾರ್ಡ್, ಅಂದರೆ ಹೊಸ ಆಟಗಾರನಾಗಿ ಬಂದ ಮೊದಲ ಕಾರ್ಡ್. ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಪಿಎಸ್‌ಎ ಸಂಸ್ಥೆ ಹತ್ತಕ್ಕೆ ಹತ್ತು ಕೊಟ್ಟ ಪ್ರತಿ 2021ರ ಜನವರಿಯಲ್ಲಿ 7,38,000 ಡಾಲರ್‌ಗೆ ಹೋಗಿತ್ತು. ಕೆಲವೇ ತಿಂಗಳಲ್ಲಿ ಆ ಬೆಲೆ ಬಿದ್ದೂ ಹೋಯಿತು. ಅಂಗಡಿಯವರು ಸುಮ್ನೆ ಆಸೆ ಹುಟ್ಟಿಸದೆ ಇದನ್ನೂ ಹೇಳಿದರಲ್ಲ, ಅದು ನನಗೆ ಇಷ್ಟವಾಯಿತು. ನಮ್ಮದಕ್ಕೆ ಐದೋ ಆರೋ ಅಂಕ ಬರಬಹುದಂತೆ.

ಪಾರ್ಕಿಂಗ್ ಮಾತ್ರ ಕಷ್ಟ, ಅಂಗಡಿಗೆ ಐದರಲ್ಲಿ ಅರ್ಧ ಅಂಕ ನಾನು ಕಳೆದದ್ದು ಅದಕ್ಕೇ. ಕಾರ್ಡ್ ಮಾರಲಿಲ್ಲ. ಗಟ್ಟಿ ಪ್ಲಾಸ್ಟಿಕ್ ಕವರ್ ಒಂದನ್ನು ಕೊಂಡೆವು. ಮಗ ಕಾರ್ಡನ್ನು ಅಂಚು ಹಿಡಿದೇ ಒಳಗಿಟ್ಟ.