ಸ್ವಿಫ್ಟ್‌ಗೆ ಕಟ್ಟಿದ ಮೂರು ಟ್ರೇಲರ್, ಕಟ್ಟದೆ ಬಿಟ್ಟ ಒಂದು

ಕೈ ಎತ್ತಿ ಕರೆದರೆ ಬಂದು ನಿಲ್ಲುವ ಟಾಟಾ ಏಸ್ ನ್ಯೂಜಿಲೆಂಡ್‌ನಲ್ಲಿ ಇಲ್ಲ. ತೋಟಕ್ಕೆ ಮಣ್ಣು ತರುವುದಿರಲಿ, ಹಳೆಯ ಸೋಫಾ ಎಸೆದು ಬರುವುದಿರಲಿ, ಮನೆಯ ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸಿಕೊಂಡು ಹೊರಡುವುದೇ ಇಲ್ಲಿನ ವಾಡಿಕೆ. ಪೆಟ್ರೋಲ್ ಬಂಕ್‌ಗಳಲ್ಲಿ ಟ್ರೇಲರ್ ಬಾಡಿಗೆಗೆ ಸಿಗುತ್ತದೆ. ನನ್ನ ಮನೆ ವೆಲಿಂಗ್ಟನ್ ಪಕ್ಕದ ಲೋವರ್ ಹಟ್‌ನಲ್ಲಿ, ಗುಡ್ಡದ ಮೇಲೆ. ಕಾರು 1.5 ಲೀಟರ್ ಎಂಜಿನ್ನಿನ ಹಳೆಯ ಸ್ವಿಫ್ಟ್, ಕೈಯಲ್ಲಿ ಗೇರ್ ಹಾಕುವಂಥದ್ದು. ಊರಿನಲ್ಲಿ ಟ್ಯಾಕ್ಸಿಯಾಗಿ ಓಡುವ ಕಾರಿಗೆ ಟೋಬಾರ್, ಅಂದರೆ ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಕೊಂಡಿ, ಹಾಕಿಸಿದೆ ಎಂದಾಗ ಅಕ್ಕ ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ಇಂಥ ಕಾರಿಗೆ ಎಳೆಯುವ ಶಕ್ತಿ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಎಳೆಯುತ್ತದೆ; ಎರಡನೇ ಗೇರಿನಲ್ಲಿ ಹಾಕಿದರೆ ಏನನ್ನು ಬೇಕಾದರೂ ಎಳೆಯುತ್ತದೆ. ಕೇಳಬೇಕಾದದ್ದು ನಿಲ್ಲುತ್ತದೆಯೇ ಎಂದು. ನನ್ನ ಕಾರಿನ ಕೈಪಿಡಿ ಹೇಳುವಂತೆ, ಬ್ರೇಕ್ ಇಲ್ಲದ ಟ್ರೇಲರ್ ಆದರೆ ಒಟ್ಟು ತೂಕ 400 ಕೆ.ಜಿ. ಮೀರಬಾರದು, ಬ್ರೇಕ್ ಇದ್ದರೆ 1000 ಕೆ.ಜಿ.ವರೆಗೆ ಆಗಬಹುದು. ಇಲ್ಲಿನ ಕಾನೂನು ಇದಕ್ಕಿಂತ ಉದಾರಿ. ಒಟ್ಟು 2000 ಕೆ.ಜಿ.ವರೆಗಿನ ಟ್ರೇಲರ್‌ಗೆ ಬ್ರೇಕ್ ಕಡ್ಡಾಯವಿಲ್ಲ. ಆದರೆ 30 ಕಿ.ಮೀ. ವೇಗದಲ್ಲಿರುವ ಕಾರು ಮತ್ತು ಟ್ರೇಲರ್ ಒಟ್ಟಿಗೆ 7 ಮೀಟರ್ ಒಳಗೆ ನಿಲ್ಲಬೇಕು ಎಂಬ ಷರತ್ತನ್ನೂ ಅದೇ ಕಾನೂನು ಇಟ್ಟಿದೆ. ಒಂದು ಟನ್ ತೂಗುವ ಕಾರಿನ ಬ್ರೇಕು ಎಷ್ಟು ಹೊರೆಯನ್ನು ಅಷ್ಟರಲ್ಲಿ ಹಿಡಿದು ನಿಲ್ಲಿಸೀತು? ಹಾಗಾಗಿ ನಾನು ಕೈಪಿಡಿಯ 400ಕ್ಕೇ ಅಂಟಿಕೊಂಡೆ. ಆ 400ರಲ್ಲಿ ಟ್ರೇಲರ್‌ನ ಸ್ವಂತ ತೂಕವೂ ಸೇರಿದೆ ಎಂಬುದು ಗಮನದಲ್ಲಿರಲಿ. ಕೆಳಗಿನ ಹೋಲಿಕೆಯೆಲ್ಲ ನಿಂತಿರುವುದು ಅದರ ಮೇಲೆಯೇ.

ಮೊದಲನೆಯದು ಆರಡಿ ಉದ್ದ, ನಾಲ್ಕಡಿ ಅಗಲದ ತೆರೆದ ಟ್ರೇಲರ್. ಒಂದೇ ಅಚ್ಚು, ಮೊಣಕಾಲೆತ್ತರದ ಪಕ್ಕದ ತಗಡು. ಬರಿದೇ ಸುಮಾರು 170 ಕೆ.ಜಿ. ಇರುತ್ತದೆ, ಅಂದರೆ ಸಾಮಾನಿಗೆ ಉಳಿಯುವುದು 230. ತೋಟದ ಸಾಮಗ್ರಿ ಮಾರುವ ಅಂಗಳಗಳಲ್ಲಿ ಲೋಡರ್‌ನ ಒಂದು ಬಾನಿಯ ಲೆಕ್ಕದಲ್ಲಿ ಮಾಲು ಸುರಿಯುತ್ತಾರೆ. ಒಂದು ಬಾನಿ ಎಂದರೆ ಹೆಚ್ಚುಕಡಿಮೆ 0.4 ಘನ ಮೀಟರ್. ಗಿಡದ ಬುಡಕ್ಕೆ ಹಾಸುವ ಮರದ ತೊಗಟೆ ಚೂರಾದರೆ ಒಂದು ಬಾನಿ 160 ಕೆ.ಜಿ. ಆಸುಪಾಸು. ಅದನ್ನು ಹೊತ್ತ ಸ್ವಿಫ್ಟ್ ವೈನುಯೊಮಾಟಾ ಗುಡ್ಡವನ್ನು ಮೂರನೇ ಗೇರಿನಲ್ಲಿ ಗೊಣಗದೆ ಹತ್ತಿತು. ಅದೇ ಬಾನಿಯಲ್ಲಿ ಮೇಲ್ಮಣ್ಣು ತುಂಬಿದರೆ 500 ಕೆ.ಜಿ. ದಾಟುತ್ತದೆ, ಮಳೆ ಬಿದ್ದ ಮಾರನೆಯ ದಿನ ಇನ್ನೂ ಹೆಚ್ಚು. ಟ್ರೇಲರ್‌ನಲ್ಲಿ ಜಾಗ ಧಾರಾಳವಾಗಿ ಕಾಣುತ್ತದೆ, ಸುರಿಯುವವನು ಕೇಳದೆಯೇ ಸುರಿಯುತ್ತಾನೆ. ಅರ್ಧ ಬಾನಿಗಿಂತಲೂ ಕಡಿಮೆ ಎಂದು ಮೊದಲೇ ಕೂಗಿ ಹೇಳಬೇಕು. ಅವನು ನನ್ನ ಕಾರನ್ನು ನೋಡಿ ಸಣ್ಣಗೆ ನಗುತ್ತಾನೆ, ನಗಲಿ.

ಎರಡನೆಯದು ಅದೇ ಅಳತೆಯದೇ, ಆದರೆ ಮೇಲೆ ಎದೆಯೆತ್ತರದ ಕಬ್ಬಿಣದ ಜಾಲರಿ ಪಂಜರ. ಪಂಜರಕ್ಕೇ ಐವತ್ತು ಕೆ.ಜಿ. ಹೋಗುತ್ತದೆ. ಕತ್ತರಿಸಿದ ಕೊಂಬೆ, ಒಣ ಸೊಪ್ಪು ತುಂಬಿಕೊಂಡು ಸಿಲ್ವರ್‌ಸ್ಟ್ರೀಮ್‌ನ ಕಸದ ತಾಣಕ್ಕೆ ಹೋಗಲು ಇದನ್ನು ಮೀರಿಸಿದ್ದಿಲ್ಲ: ತೂಕ ಕಡಿಮೆ, ಗಾತ್ರ ಹೆಚ್ಚು, ಜಾಲರಿಯೊಳಗಿಂದ ಗಾಳಿ ಹಾದು ಹೋಗುತ್ತದೆ. ಹಾಸಿಗೆ ಸಾಗಿಸಲು ಹೊರಟರೆ ಮಾತ್ರ ಕಥೆ ಬೇರೆ. ನಿಲ್ಲಿಸಿ ಕಟ್ಟಿದ ಜೋಡಿ ಹಾಸಿಗೆ ಮೂವತ್ತು ಕೆ.ಜಿ. ಇದ್ದೀತು, ಆದರೆ ಪೆಟೋನೆಯಿಂದ ನೌರಂಗದವರೆಗೆ ಹೆದ್ದಾರಿ ಕೊಲ್ಲಿಯ ಅಂಚಿನಲ್ಲೇ ಸಾಗುತ್ತದೆ, ವೆಲಿಂಗ್ಟನ್ ಗಾಳಿಗೆ ಹೆಸರಾದ ಊರು. ಎದುರು ಗಾಳಿಗೆ ಐದನೇ ಗೇರ್ ನಿಲ್ಲಲಿಲ್ಲ, ಪಕ್ಕದ ಗಾಳಿ ಬೀಸಿದಾಗಲೆಲ್ಲ ಟ್ರೇಲರ್ ಕಾರಿನ ಹಿಂಬದಿಯನ್ನು ಮೆಲ್ಲಗೆ ದೂಡುತ್ತಿತ್ತು. ತೊಗಟೆ ಚೂರಿನ ಹೊರೆಗಿಂತ ಹಗುರವಾದ ಹಾಸಿಗೆ ಅದಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಸಿತು. ಸಣ್ಣ ಎಂಜಿನ್ ಊರೊಳಗೆ ಭಾರಕ್ಕೆ ಬಳಲಿದರೆ ಹೆದ್ದಾರಿಯಲ್ಲಿ ಗಾಳಿಗೆ ಬಳಲುತ್ತದೆ. ಟ್ರೇಲರ್ ಕಟ್ಟಿದ ಮೇಲೆ ಇಲ್ಲಿ ಗಂಟೆಗೆ 90 ಕಿ.ಮೀ. ಮಿತಿ. ಆ ದಿನ ನನಗೆ 75 ಸಾಕೆನಿಸಿತು.

ಎಂಟಡಿ ಉದ್ದದ ಒಂಟಿ ಅಚ್ಚಿನದು ಮೂರನೆಯದು. ದೊಡ್ಡದು ತಂದರೆ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ ಎಂಬ ಲೆಕ್ಕ ದೊಡ್ಡ ಕಾರಿನವರಿಗೆ ಸರಿ. ನನಗೆ ಅದು ತಿರುಗುಮುರುಗು. ಟ್ರೇಲರ್ ತಾನೇ 270 ಕೆ.ಜಿ. ತೂಗಿದರೆ ಸಾಮಾನಿಗೆ 130 ಉಳಿಯಿತು! ಉದ್ದ ಹೆಚ್ಚಿದಷ್ಟೂ ನನ್ನ ಪಾಲಿನ ಹೊರೆ ಕಡಿಮೆ. ಉದ್ದವಾದ ಹಲಗೆ, ಏಣಿ, ಖಾಲಿ ಬೀರು ಸಾಗಿಸಲು ಮಾತ್ರ ಇದು ಸರಿ.

ಹೊರೆಯನ್ನು ಎಲ್ಲಿ ಇಡುತ್ತೇವೆ ಎಂಬುದೂ ಇದರಲ್ಲಿಯೇ ಹೆಚ್ಚು ಕಾಡಿದ್ದು. ಭಾವ ಮನೆ ಬದಲಿಸುವಾಗ ವಾಷಿಂಗ್ ಮಷಿನ್ ಇಳಿಸಲು ಸುಲಭವಾಗಲಿ ಎಂದು ಅದನ್ನು ಬಾಗಿಲ ಬಳಿಯೇ, ಅಂದರೆ ಅಚ್ಚಿನ ಹಿಂದೆ, ಕಟ್ಟಿದರು. ಎತ್ತಿನ ಗಾಡಿಗೆ ಹಿಂದೆ ಭಾರ ಬಿದ್ದು ಮೂಕಿ ಮೇಲೆದ್ದಂತೆ, ಟೋಬಾರಿನ ಮೇಲೆ ತೂಕವೇ ಕೂರಲಿಲ್ಲ. ಹೆದ್ದಾರಿಯ ಇಳಿಜಾರಿನಲ್ಲಿ ವೇಗ 80 ಮುಟ್ಟುತ್ತಿದ್ದಂತೆ ಟ್ರೇಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಲ ಆಡಿಸಲು ತೊಡಗಿತು, ಸ್ಟಿಯರಿಂಗ್ ಕೈಯಲ್ಲಿ ಹಗುರವಾಯಿತು. ಆಗ ಬ್ರೇಕ್ ಒತ್ತಬಾರದು. ಕಾಲನ್ನು ಆಕ್ಸಿಲರೇಟರ್‌ನಿಂದ ತೆಗೆದು, ಸ್ಟಿಯರಿಂಗ್ ನೇರವಾಗಿ ಹಿಡಿದು, ಅದು ತಾನಾಗಿ ಅಡಗುವವರೆಗೆ ಕಾಯಬೇಕು. ಪಕ್ಕಕ್ಕೆ ನಿಲ್ಲಿಸಿ ಮಷಿನ್ ಅನ್ನು ಅಚ್ಚಿಗಿಂತ ತುಸು ಮುಂದಕ್ಕೆ ಎಳೆದು ಕಟ್ಟಿದೆವು. ಅದೇ ರಸ್ತೆ, ಅದೇ ವೇಗ, ಟ್ರೇಲರ್ ತೆಪ್ಪಗೆ ಬಂತು. ಒಟ್ಟು ತೂಕದ ಹತ್ತನೇ ಒಂದು ಪಾಲು ಟೋಬಾರಿನ ಮೇಲೆ ಕೂರಬೇಕು ಎಂಬುದು ಇಲ್ಲಿನವರ ರೂಢಿ. ಸ್ನಾನದ ಮನೆಯ ತೂಕದ ಯಂತ್ರವನ್ನು ಟ್ರೇಲರ್‌ನ ಮೂತಿಯ ಕೆಳಗಿಟ್ಟು ನೋಡಬಹುದು: 400ಕ್ಕೆ 40 ತೋರಿಸಿದರೆ ಸರಿ. ತೀರಾ ಹೆಚ್ಚಿದರೂ ತೊಂದರೆಯೇ. ಹಿಂದೆ ಕುಸಿದು ಮುಂದೆ ಎದ್ದರೆ ಮುಂದಿನ ಚಕ್ರದಿಂದ ಓಡುವ ಈ ಕಾರುಗಳ ಹಿಡಿತವೇ ಹೋಗುತ್ತದೆ. ನಮ್ಮ ಮನೆಯ ಮುಂದಿನ ಕಡಿದಾದ ಏರಿನಲ್ಲಿ, ಒದ್ದೆ ಕಾಂಕ್ರೀಟ್ ಮೇಲೆ, ಟೈರ್ ಕಿರುಚುವುದನ್ನು ಬೀದಿಗೆ ಬೀದಿಯೇ ಕೇಳಿದೆ.

ಹಿಂದಕ್ಕೆ ತರುವ ವಿಷಯದಲ್ಲಿ ಮಾತ್ರ ಎಂಟಡಿಯದೇ ಗೆಲ್ಲುತ್ತದೆ. ಚಿಕ್ಕ ಟ್ರೇಲರ್ ಅತಿ ಚುರುಕು. ಸ್ಟಿಯರಿಂಗ್ ಒಂದಿಷ್ಟು ತಿರುಗಿಸಿದರೆ ಮಡಚಿಕೊಂಡು ಕಾರಿನ ಬಂಪರ್‌ಗೇ ಬರುತ್ತದೆ. ಉದ್ದದ್ದು ನಿಧಾನಿ, ತಿದ್ದಿಕೊಳ್ಳಲು ಹೊತ್ತು ಕೊಡುತ್ತದೆ. ಸ್ಟಿಯರಿಂಗಿನ ಕೆಳಭಾಗವನ್ನು ಹಿಡಿದು, ಟ್ರೇಲರ್ ಯಾವ ಕಡೆಗೆ ಹೋಗಬೇಕೋ ಆ ಕಡೆಗೆ ಕೈ ಸರಿಸುವುದು ಸುಲಭದ ದಾರಿ. ವಿಜಯಪುರ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಹಿಮ್ಮುಖ ಓಡಿಸುವ ಸ್ಪರ್ಧೆ ಗೆದ್ದವರ ಮೇಲೆ ನನಗೆ ಹುಟ್ಟಿದ ಗೌರವ ಇಲ್ಲಿಗೆ ಬಂದ ಮೇಲಿನದು.

ಕಟ್ಟದೆ ಬಿಟ್ಟದ್ದು ಜೋಡಿ ಅಚ್ಚಿನ, ಬ್ರೇಕ್ ಇರುವ ಟ್ರೇಲರ್. ಕಾಗದದ ಮೇಲೆ ಇದೇ ಲಾಭ: ತಾನೇ 450 ಕೆ.ಜಿ. ತೂಗಿದರೂ 1000ದ ಮಿತಿಯಲ್ಲಿ 550 ಹೇರಬಹುದು. ಆದರೆ ಹತ್ತನೇ ಒಂದರ ರೂಢಿಯಂತೆ ಟೋಬಾರಿನ ಮೇಲೆ 100 ಕೆ.ಜಿ. ಬೀಳುತ್ತದೆ, ನನ್ನ ಟೋಬಾರಿನ ತಗಡಿನಲ್ಲಿ ಕೊರೆದಿರುವುದು 50. ಅಲ್ಲಿಗೆ ಆ ಮಾತು ಮುಗಿಯಿತು. ಕಾರಿನಷ್ಟೇ ತೂಕದ್ದು ಬೆನ್ನಿಗಿದ್ದು ವೈನುಯೊಮಾಟಾ ಗುಡ್ಡ ಇಳಿಯುವ ಆಸೆಯೂ ನನಗಿಲ್ಲ.

ಭಾವನ ಹೋಂಡಾ ಫಿಟ್‌ಗೂ ಅದೇ ಆರಡಿಯ ತೆರೆದ ಟ್ರೇಲರ್ ಕಟ್ಟಿ ನೋಡಿದೆವು. ಅದು ಜಪಾನಿನಿಂದ ಬಂದ ಬಳಸಿದ ಕಾರು. ಕೈಪಿಡಿ ಜಪಾನಿ ಭಾಷೆಯಲ್ಲಿದೆ, ಎಳೆಯುವ ಮಿತಿಯ ಅಂಕಿ ಅದರಲ್ಲಿ ಕಾಣಲಿಲ್ಲ. ಟೋಬಾರ್ ಹಾಕಿದವನು 'ತಗಡಿನ ಮೇಲೆ ಬರೆದಿದೆಯಲ್ಲ' ಎಂದ. ಆ ಅಂಕಿ ಟೋಬಾರ್ ತಾಳಿಕೊಳ್ಳುವ ತೂಕ, ಕಾರು ತಾಳುವುದಲ್ಲ. ಸಮತಟ್ಟು ರಸ್ತೆಯಲ್ಲಿ ಫಿಟ್ ಸ್ವಿಫ್ಟ್‌ಗಿಂತ ನಯವಾಗಿ ಎಳೆಯಿತು, ಗೇರ್ ಬದಲಿಸುವ ಗೋಜಿಲ್ಲ. ಏರಿನಲ್ಲಿ ಅದರ ಸಿವಿಟಿ, ಅಂದರೆ ಹಂತಗಳಿಲ್ಲದೆ ತಾನಾಗಿ ಬದಲಾಗುವ ಗೇರ್‌ಪೆಟ್ಟಿಗೆ, ಒಂದೇ ಸಮನೆ ಊಳಿಡುತ್ತ, ವೇಗ ಮಾತ್ರ ಇಳಿಯುತ್ತ ಹೋಯಿತು. ಇಂಥ ಗೇರ್‌ಪೆಟ್ಟಿಗೆಯ ಎಣ್ಣೆ ಬಿಸಿಯಾದರೆ ರಿಪೇರಿ ಖರ್ಚು ಕಾರಿನ ಬೆಲೆಯನ್ನೇ ಕೆಣಕುತ್ತದೆ. ಸ್ವಿಫ್ಟ್‌ನಲ್ಲಿ ಸವೆಯುವುದು ಕ್ಲಚ್, ಅದೂ ಏರಿನಲ್ಲಿ ಹಿಂದಕ್ಕೆ ತಳ್ಳುವಾಗ. ವಾಸನೆ ಬಂದ ಕೂಡಲೇ ನಿಲ್ಲಿಸಬಹುದು. ಗುಡ್ಡದ ಊರಿನವರಿಗೆ ನಾನು ಕೈಗೇರನ್ನೇ ಹೇಳುತ್ತೇನೆ.

ಯಾವುದನ್ನೇ ಬಾಡಿಗೆಗೆ ತಂದರೂ ಟೋಬಾರಿನ ಗುಂಡಿನ ತಲೆಯ ಮೇಲೆ ಕೊರೆದ ಅಳತೆ ನೋಡಿಕೊಳ್ಳಿ. ಈ ದೇಶದಲ್ಲಿ ಎರಡು ಅಳತೆ ಬಳಕೆಯಲ್ಲಿವೆ: 50 ಮಿ.ಮೀ. ಮತ್ತು ಎರಡು ಇಂಚಿಗೆ ಎಂಟನೇ ಒಂದು ಇಂಚು ಕಡಿಮೆಯಾದ, ಅಂದರೆ 47.6 ಮಿ.ಮೀ.ನದು. ಸಣ್ಣ ಗುಂಡಿನ ಮೇಲೆ 50ರ ಕಪ್ಲಿಂಗ್ (ಗುಂಡನ್ನು ಹಿಡಿಯುವ ಟ್ರೇಲರ್‌ನ ಮೂತಿಯ ಬಟ್ಟಲು) ಕೂತಂತೆಯೇ ಕಾಣುತ್ತದೆ, ಹಳ್ಳ ಹಾರಿದಾಗ ಕಳಚಿಕೊಳ್ಳುತ್ತದೆ. ಸಿಕ್ಕಿಸಿದ ಮೇಲೆ ಟ್ರೇಲರ್‌ನ ಮೂತಿಯನ್ನು ಬಲವಾಗಿ ಮೇಲಕ್ಕೆತ್ತಿ ನೋಡಿ; ಕಾರಿನ ಹಿಂಬದಿಯೂ ಜೊತೆಗೆ ಏಳಬೇಕು. ಸರಪಳಿ ಹಾಕುವುದು ಅದಾದ ಮೇಲೆ.

ಮನೆ ಬದಲಿಸುವುದಿದ್ದರೆ ಈ ಯಾವುದೂ ಬೇಡ, ವ್ಯಾನ್ ಬಾಡಿಗೆಗೆ ತೆಗೆದುಕೊಳ್ಳಿ. ಟ್ರೇಲರ್‌ಗಿಂತ ದುಬಾರಿ, ನಿಜ. ಆದರೆ ಮಳೆಗೆ ನೆನೆಯುವುದಿಲ್ಲ, ಬಾಗಿಲು ಹಾಕಿದರೆ ಬೀಗ ಬೀಳುತ್ತದೆ, ಸಾಮಾನು ಮುಗಿದರೆ ಪಕ್ಕದ ಸೀಟಿನಲ್ಲಿ ಭಾವನೂ ಕೂರುತ್ತಾರೆ. ಕಾರಿನ ತಾರಸಿಯ ಮೇಲಿನ ಕ್ಯಾರಿಯರ್ ಬಗ್ಗೆ ಕೇಳುವವರಿಗೆ: ಇಂಥ ಕಾರಿನ ತಾರಸಿ ಸಾಮಾನ್ಯವಾಗಿ 50ರಿಂದ 75 ಕೆ.ಜಿ. ತಾಳುತ್ತದೆ, ಏಣಿಗೆ ಸಾಕು, ಬೀರುವಿಗೆ ಸಾಲದು.