ಹಳೇ ಕಾರು "ಟಕ್" ಅಂದು ಸುಮ್ಮನಾದ್ರೆ ಪರ್ಸ್ ತೆಗೀಬೇಡಿ, ಮೊದ್ಲು ಅರ್ಥ್ ವೈರ್ ನೋಡಿ

ಮೈಸೂರು, ಮಂಡ್ಯ ಕಡೆ ಹದಿನೈದು ವರ್ಷ ದಾಟಿದ ಗಾಡಿ ಓಡಿಸೋರಿಗೆ ಅಂತ ಬರೀತಿದೀನಿ. ಅರ್ಥ್ ವೈರ್ (ಬ್ಯಾಟ್ರಿ ಮೈನಸ್ಸಿನ ದಪ್ಪ ವೈರು) ಬದಲಿಸಿ 180 ರೂಪಾಯಲ್ಲಿ ಮುಗಿಯೋ ಕೆಲಸಕ್ಕೆ ನಾನು 13,450 ಕಳ್ಕೊಂಡೆ, ಇನ್ನೊಂದು ವಾರ ತಡ ಆಗಿದ್ರೆ ಗಾಡಿನೇ ಕಳ್ಕೋತಿದ್ದೆ. ಗ್ಯಾರೇಜ್ ಹೆಸರು ಕೇಳ್ಬೇಡಿ, ಹಾಕಲ್ಲ. ಈ ಥರ ಕೆಲಸ ಮಾಡೋರು ಅವರೊಬ್ಬರೇ ಅಲ್ಲ.

ನಂದು 2007ರ ಆಲ್ಟೊ. 2022ಕ್ಕೆ 15 ವರ್ಷ ತುಂಬ್ತು, ಸರಿಯಾಗಿ ಅದೇ ವರ್ಷ ಏಪ್ರಿಲ್ಲಿಂದ ಕಾರಿನ ಆರ್‌ಸಿ ರಿನ್ಯೂವಲ್ ಫೀಸು 600ರಿಂದ 5000ಕ್ಕೆ ಏರಿಸಿದ್ರು, ಬಾಯಿ ಮುಚ್ಕೊಂಡು ಅದನ್ನೂ ಕಟ್ಟಿ ಗ್ರೀನ್ ಟ್ಯಾಕ್ಸೂ ಕಟ್ಟಿ ಐದು ವರ್ಷಕ್ಕೆ ಮಾಡಿಸ್ಕೊಂಡೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಗಾಡಿ ಮಾರೋ ಯೋಚ್ನೆ ನಂಗೆ ಇರ್ಲಿಲ್ಲ, ಆದ್ರೆ ಗ್ಯಾರೇಜಿನವನಿಗೆ ಕೊಳ್ಳೋ ಯೋಚ್ನೆ ಇತ್ತು, ಅದು ಆಮೇಲೆ ಗೊತ್ತಾಯ್ತು.

ಮೇ ತಿಂಗಳಲ್ಲಿ ಕ್ಲಚ್ ಪ್ಲೇಟ್ ಹಾಕ್ಸಿದ್ದೆ, ಇದೇ ಗ್ಯಾರೇಜಲ್ಲಿ. ಆಗಸ್ಟಲ್ಲಿ ಆಕ್ಸಿಲರೇಟರ್ ಪೆಡಲ್ ಗಟ್ಟಿಯಾಗಿ ಅಂಟಂಟು ಬರೋಕೆ ಶುರುವಾಯ್ತು, ತೋರಿಸ್ದೆ, ಕೇಬಲ್ ಹೋಗಿದೆ ಸಾರ್ ಅಂದ, 650 ಕೊಟ್ಟು ಹಾಕ್ಸಿದೆ. ಬಿಚ್ಚಿದ ಕೇಬಲ್ ಕೈಗೆ ಕೊಟ್ಟಾಗ ನೋಡಿದ್ದೆ, ಹೊರಗಿನ ಪ್ಲಾಸ್ಟಿಕ್ಕು ಒಂದು ಕಡೆ ಕರಗಿ ಮೇಣದ ಥರ ಆಗಿತ್ತು. "ಎಂಜಿನ್ ಬಿಸಿಗೆ ಹಂಗಾಗುತ್ತೆ" ಅಂದ. ನಾನೂ ಹೂಂ ಅಂದು ಅದನ್ನ ಡಿಕ್ಕಿಲಿ ಎಸೆದು ಮರ್ತುಬಿಟ್ಟೆ. ಈ ಕೇಬಲ್ ನೆನಪಿಟ್ಕೊಳಿ, ಕಥೆ ಇರೋದೇ ಅದರಲ್ಲಿ.

ಮಾರ್ಲಾಮಿ ಅಮಾವಾಸ್ಯೆ ದಿನ, ಊರಲ್ಲಿ ಎಡೆ ಇಡ್ಬೇಕು, ಮಂಡ್ಯ ಹತ್ರ ನಮ್ಮೂರು, ಎಲ್ರೂ ರೆಡಿಯಾಗಿ ಕೂತಿದೀವಿ, ಕೀ ತಿರುಗಿಸ್ದೆ, ಟಕ್. ಅಷ್ಟೇ. ಡ್ಯಾಶ್‌ಬೋರ್ಡ್ ಲೈಟೆಲ್ಲ ಚೆನ್ನಾಗಿ ಉರೀತಿದೆ, ಹಾರನ್ ಜೋರಾಗೇ ಇದೆ, ಸೆಲ್ಫ್ (ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡೋ ಮೋಟರು) ಮಾತ್ರ ಎತ್ತುತಿಲ್ಲ. ಬೀದಿ ಹುಡುಗರು ತಳ್ಳಿದ್ರು, ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟೆ, ಹತ್ತಿಕೊಳ್ತು, ಆದ್ರೆ ದಾರೀಲಿ ಆಫ್ ಆದ್ರೆ ಏನ್ ಗತಿ ಅಂತ ಹೆದರಿ ಗ್ಯಾರೇಜಿನವನಿಗೆ ಫೋನ್ ಮಾಡ್ದೆ. ಅಮಾಸೆ ದಿನನೂ ಬಂದನಲ್ಲ ಅಂತ ಖುಷಿ ಬೇರೆ. ಬಂದ, ಮೀಟರ್ ಹಿಡೀಲಿಲ್ಲ, ಏನಿಲ್ಲ, ಬಾನೆಟ್ ಎತ್ತಿ ನೋಡ್ತಿದ್ದಂಗೇ "ಬ್ಯಾಟ್ರಿ ಡೆಡ್ ಸಾರ್" ಅಂದ. ಒಂದೂವರೆ ವರ್ಷದ ಬ್ಯಾಟ್ರಿ ಅದು, ವಾರಂಟಿ ಕಾರ್ಡ್ ಬೀರುಲಿ ಬೆಚ್ಚಗೆ ಕೂತಿತ್ತು, ಆ ಗಡಿಬಿಡೀಲಿ ನೆನಪಾಗ್ಲಿಲ್ಲ. ಹೊಸದು 4,300, ಹಳೇದಕ್ಕೆ 500 ಕಳೆದು 3,800. ಹಾಕ್ದ, ಕೀ ತಿರುಗಿಸ್ದ, ಜುಮ್ ಅಂತ ಸ್ಟಾರ್ಟ್ ಆಯ್ತು. ನೋಡಿ, ನಾನು ಮೋಸ ಹೋಗಿದ್ದು ಇಲ್ಲೇ. ಹೊಸ ಸ್ಪೇರ್ ಹಾಕಿದ್ಮೇಲೆ ಗಾಡಿ ಸ್ಟಾರ್ಟ್ ಆದ್ರೆ ರೋಗ ಅದೇ ಅಂತ ನಾವೆಲ್ಲ ನಂಬ್ತೀವಿ.

ಐದು ದಿನ ಆಯ್ತು. ದಸರಾ ಎಕ್ಸಿಬಿಷನ್ ನೋಡ್ಕೊಂಡು ರಾತ್ರಿ ಹತ್ತು ಗಂಟೆಗೆ ಪಾರ್ಕಿಂಗಿಗೆ ಬಂದ್ರೆ ಮತ್ತೆ ಟಕ್. ಹಿಂದೆ ಸಾಲುಗಟ್ಟಿ ಗಾಡಿಗಳು, ಹಾರನ್ನೋ ಹಾರನ್ನು, ಮಗಳು ನಿದ್ದೆಗಣ್ಣಲ್ಲಿ ಅಳ್ತಿದಾಳೆ, ನನ್ನ ಹೆಂಡ್ತಿ ಏನಂದ್ಲು ಅಂತ ಬರೆಯಲ್ಲ ಬಿಡಿ. ಟೋಯಿಂಗಿಗೆ 1,200. ಈ ಸಲ "ಸೆಲ್ಫ್ ಮೋಟರ್ ಹೋಗಿದೆ, ಕಾರ್ಬನ್ ಬ್ರಷ್, ಆರ್ಮೇಚರ್ ಎಲ್ಲ ಸವೆದಿದೆ" ಅಂದ. 4,800. ಬಿಲ್ ಅಂತ ಕೊಟ್ಟಿದ್ದು ಒಂದು ಬಿಳಿ ಚೀಟಿ, ಹಳೇ ಪಾರ್ಟ್ ಕೊಡಿ ಅಂದ್ರೆ "ಅದು ಎಕ್ಸ್‌ಚೇಂಜಿಗೆ ಹೋಯ್ತು ಸಾರ್". ಆಯುಧಪೂಜೆ ದಿನ ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಕೀ ತಿರುಗಿಸ್ದೆ, ಅರ್ಧ ಸುತ್ತಿಗೇ ಹತ್ತಿಕೊಳ್ತು. ಪಾಪ ನಾನು ಅವನಿಗೆ ಒಂದು ಡಬ್ಬ ಸ್ವೀಟೂ ಕೊಟ್ಟು ಬಂದೆ.

ಸೆಲ್ಫ್ ಮಾಡಿಸಿ ಒಂಬತ್ತನೇ ದಿನ, ಮೈಸೂರಿನ ಹೆಬ್ಬಾಳದಲ್ಲಿ ಆಫೀಸ್ ಮುಂದೆ, ಟಕ್.

ಈಗ ಅವನ ಮುಖ ಗಂಭೀರ ಆಯ್ತು. ಇಸಿಎಂ, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್ ಪೆಟ್ಟಿಗೆ, ಹೋಗಿದೆ ಅಂದ. ಹೊಸದು ಸಿಗಲ್ಲ, ಬೆಂಗ್ಳೂರಿಂದ ಸೆಕೆಂಡ್ ಹ್ಯಾಂಡ್ ತರಿಸ್ಬೇಕು, 16,000, ಅಡ್ವಾನ್ಸ್ 3,000. ಕೊಟ್ಟೆ, ದಡ್ಡ ನಾನು. ಆಮೇಲೆ ಟೀ ಕುಡಿಸ್ತಾ ಮೆತ್ತಗೆ ಹೇಳ್ತಾನೆ, "ಸಾರ್, ಈ ಗಾಡಿಗೆ ಇಷ್ಟೊಂದು ಹಾಕೋ ಬದ್ಲು ಕೊಟ್ಬಿಡಿ, 25,000ಕ್ಕೆ ನಂಗೊಬ್ಬ ಪಾರ್ಟಿ ಇದಾನೆ". ಎರಡು ದಿನ ಯೋಚ್ನೆ ಮಾಡ್ತೀನಿ ಅಂತ ಹೇಳಿ, ತಳ್ಳಿಸ್ಕೊಂಡು ಸ್ಟಾರ್ಟ್ ಮಾಡಿ ಮನೆಗೆ ತಂದೆ.

ನಮ್ಮ ಸೋದರಮಾವ ಮೈಶುಗರ್ ಫ್ಯಾಕ್ಟರೀಲಿ ಎಲೆಕ್ಟ್ರಿಕಲ್ ಕಡೆ ಇದ್ದು ರಿಟೈರ್ ಆಗಿರೋರು, ಮಂಡ್ಯದಲ್ಲೇ ಇರೋದು. ಅಮ್ಮ ಫೋನಲ್ಲಿ ಏನೋ ಅಂದಿರ್ಬೇಕು, ಭಾನುವಾರ ಬೆಳಿಗ್ಗೆ ಟ್ರೈನಲ್ಲಿ ಬಂದೇಬಿಟ್ರು, ಕೈಚೀಲದಲ್ಲಿ ಒಂದು ಹಳದಿ ಮಲ್ಟಿಮೀಟರು. ಕಾಫಿನೂ ಕುಡೀಲಿಲ್ಲ.

"ಹೆಡ್‌ಲೈಟ್ ಹಾಕು ಕಣ್ಲಾ. ಹೂಂ, ಈಗ ಸೆಲ್ಫ್ ಹೊಡಿ."

ಟಕ್.

"ಲೈಟು ಮಂಕಾಯ್ತಾ?"

"ಇಲ್ಲ ಮಾವ, ಹಂಗೇ ಉರೀತಿದೆ."

"ಹಂಗಾದ್ರೆ ಬ್ಯಾಟ್ರಿದು ತಪ್ಪಲ್ಲ ಕಣ್ಲಾ. ಕರೆಂಟು ಹೋಗ್ತಾನೇ ಇಲ್ಲ, ಎಲ್ಲೋ ದಾರಿ ಕಟ್ಕೊಂಡೈತೆ."

ಈ ಒಂದು ಟೆಸ್ಟಿಗೆ ಕಾಸು ಖರ್ಚಿಲ್ಲ, ದಯವಿಟ್ಟು ಕಲ್ತ್ಕೊಳಿ. ಸೆಲ್ಫ್ ಹೊಡೆದಾಗ ಹೆಡ್‌ಲೈಟ್ ಪೂರ್ತಿ ಮಂಕಾದ್ರೆ ಬ್ಯಾಟ್ರಿ ಇಳಿದಿರುತ್ತೆ, ಇಲ್ಲಾ ಬ್ಯಾಟ್ರಿ ಟರ್ಮಿನಲ್ ಸಡಿಲ ಇರುತ್ತೆ, ಇಲ್ಲಾ ಮೋಟರ್ ತಿರುಗದೆ ಹಿಡ್ಕೊಂಡಿರುತ್ತೆ. ಲೈಟು ಜಗ್ಗದೇ ಬರೀ ಟಕ್ ಅಂದ್ರೆ ಸೆಲ್ಫಿನ ವೈರು, ಅದರ ಟರ್ಮಿನಲ್ಲು, ಅರ್ಥು, ಸೊಲೆನಾಯ್ಡು (ಸೆಲ್ಫಿನ ಮೇಲೆ ಟಕ್ ಅನ್ನೋ ಸ್ವಿಚ್ಚು), ಮೋಟರಿನ ಬ್ರಷ್ಷು ಈ ಕಡೆ ನೋಡ್ಬೇಕು.

ಆಮೇಲೆ ಮೀಟರ್ ಹಿಡಿದ್ರು. ಬ್ಯಾಟ್ರಿ ಮೇಲೆ 12.5 ವೋಲ್ಟ್. ಗಾಡಿ ಆಫ್ ಇದ್ದಾಗ 12.6 ಅಂದ್ರೆ ಫುಲ್ ಚಾರ್ಜು, 12.2 ಅಂದ್ರೆ ಅರ್ಧ, 12ಕ್ಕಿಂತ ಕೆಳಗಿದ್ರೆ ಹೆಚ್ಚುಕಮ್ಮಿ ಖಾಲಿ. ಸೆಲ್ಫ್ ಹೊಡೆಯೋವಾಗ 9.6ಕ್ಕಿಂತ ಕೆಳಗೆ ಬೀಳಬಾರ್ದು, ನಮ್ದು 11.8ರಲ್ಲೇ ನಿಂತಿತ್ತು, ಅಂದ್ರೆ ಬ್ಯಾಟ್ರಿಗೆ ಆಯಾಸನೇ ಆಗ್ತಿಲ್ಲ. ಈಗ ಮೀಟರಿನ ಒಂದು ಕಡ್ಡಿ ಬ್ಯಾಟ್ರಿ ಮೈನಸ್ ಮೇಲೆ, ಇನ್ನೊಂದನ್ನ ಎಂಜಿನ್ನಿನ ಬರಿ ಲೋಹದ ಮೇಲೆ ಇಟ್ಟು ಮತ್ತೆ ಹೊಡಿ ಅಂದ್ರು. ಅಲ್ಲಿ ಹತ್ತತ್ರ ಸೊನ್ನೆ ತೋರಿಸ್ಬೇಕು, ಅರ್ಧ ವೋಲ್ಟ್ ಒಳಗಿದ್ರೆ ಹೆಂಗೋ ನಡೆಯುತ್ತೆ. ತೋರಿಸಿದ್ದು 6.9. ಮಾವ ಮೀಟರ್ ನನ್ನ ಮುಖಕ್ಕೆ ಹಿಡಿದು "ನೋಡ್ಕೋ, ನಿನ್ ಹದಿಮೂರು ಸಾವ್ರ ಇಲ್ಲೈತೆ" ಅಂದ್ರು.

ಪಕ್ಕದ ಮನೆಯವರ ಹತ್ರ ಜಂಪರ್ ಕೇಬಲ್ ಇಸ್ಕೊಂಡು, ಗಾಡಿ ನ್ಯೂಟ್ರಲ್ಲಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ, ಕಪ್ಪು ಕೇಬಲ್ ಒಂದೇ, ಒಂದು ತುದಿ ಮೈನಸ್ಸಿಗೆ, ಇನ್ನೊಂದು ತುದಿ ಬ್ಯಾಟ್ರಿಯಿಂದ ದೂರ ಎಂಜಿನ್ ಬ್ರಾಕೆಟ್ಟಿಗೆ ಕಚ್ಚಿಸಿದ್ರು. ಕೀ ತಿರುಗಿಸ್ದೆ. ಜುಮ್.

ಅರ್ಥ್ ವೈರ್ ಅಂದ್ರೆ ಬ್ಯಾಟ್ರಿ ಮೈನಸ್ಸಿಂದ ಗೇರ್‌ಬಾಕ್ಸಿಗೆ ಬರೋ ದಪ್ಪ ವೈರು. ಹೆಡ್‌ಲೈಟಿನ ಅರ್ಥ್ ಬಾಡಿಗೆ, ಸೆಲ್ಫಿನ ಅರ್ಥ್ ಎಂಜಿನ್ನಿಗೆ, ಎಂಜಿನ್ನಿಗೂ ಬಾಡಿಗೂ ಮಧ್ಯೆ ರಬ್ಬರ್ ಮೌಂಟಿಂಗು, ಅದರಲ್ಲಿ ಕರೆಂಟು ಹರಿಯಲ್ಲ. ಅದಕ್ಕೇ ಲೈಟು, ಹಾರನ್ನು ಎಲ್ಲ ಸರಿ ಇದ್ದು ಸೆಲ್ಫ್ ಮಾತ್ರ ಸಾಯೋದು. ಸೆಲ್ಫ್ ನೂರು ಆಂಪಿಯರ್ ಮೇಲೆ ಎಳೆಯೋ ಆಸಾಮಿ, ವೈರಿನ ತುದೀಲಿ ಬರೀ 0.05 ಓಮ್ ಅಡ್ಡಿ ಇದ್ರೂ ಐದು ವೋಲ್ಟ್ ಅಲ್ಲೇ ತಿಂದುಹೋಗುತ್ತೆ. ಸೊಲೆನಾಯ್ಡ್ ಟಕ್ ಅನ್ನೋಕೆ ಸಾಕು, ಎಂಜಿನ್ ತಿರುಗಿಸೋಕೆ ಸಾಲಲ್ಲ.

ಗೇರ್‌ಬಾಕ್ಸ್ ಮೇಲೆ ನೋಡಿದ್ರೆ ಆ ಬೋಲ್ಟು ಗಾಡೀದೇ ಅಲ್ಲ, ಸೈಜ್ ಬೇರೆ, ಪೂರ್ತಿ ಕೂತಿಲ್ಲ, ಕೆಳಗೆ ತುಕ್ಕು ಹಿಡಿದ ವಾಷರು. ವೈರಿನ ತುದೀಲಿ ಹಸಿರು ಬಿಳಿ ಪುಡಿ, ಮಾವ ಎರಡು ಬೆರಳಲ್ಲಿ ಬಗ್ಗಿಸ್ತಿದ್ದಂಗೆ ತಾಮ್ರದ ಎಳೆಗಳು ಹಪ್ಪಳದ ಥರ ಮುರಿದು ಉದುರಿದ್ವು, ಐದಾರು ಎಳೆ ಉಳ್ಕೊಂಡಿದ್ವೇನೋ. ಕ್ಲಚ್ ಪ್ಲೇಟ್ ಹಾಕೋಕೆ ಗೇರ್‌ಬಾಕ್ಸ್ ಇಳಿಸ್ಬೇಕು, ಇಳಿಸೋಕೆ ಈ ವೈರ್ ಬಿಚ್ಲೇಬೇಕು. ಮೇ ತಿಂಗಳಲ್ಲಿ ಬಿಚ್ಚಿದವನು ಸಿಕ್ಕ ಬೋಲ್ಟ್ ಹಾಕಿ ಕೈಬಿಟ್ಟಿದಾನೆ. ಬೇಕಂತ ಮಾಡ್ದ ಅನ್ನಲ್ಲ, ಅವಸರ ಇರ್ಬೋದು. ಆಮೇಲೆ ಬ್ಯಾಟ್ರಿ ಬದಲಿಸೋವಾಗ, ಸೆಲ್ಫ್ ಬಿಚ್ಚೋವಾಗ ಆ ವೈರು ಅಲ್ಲಾಡಿದೆ, ಅಲ್ಲಾಡಿದಾಗ ಒಸಿ ಕಚ್ಕೊಂಡಿದೆ, ಅದಕ್ಕೇ ಐದು ದಿನ, ಒಂಬತ್ತು ದಿನ ಗಾಡಿ ಓಡಿದ್ದು. ಹೊಸ ಬ್ಯಾಟ್ರಿನೂ ಅಲ್ಲ, ಹೊಸ ಬ್ರಷ್ಷೂ ಅಲ್ಲ.

ಆಗ ನಂಗೆ ಆಕ್ಸಿಲರೇಟರ್ ಕೇಬಲ್ ನೆನಪಾಯ್ತು. ಡಿಕ್ಕಿಯಿಂದ ಹುಡುಕಿ ತಂದು ಕೊಟ್ಟೆ. ಮಾವ ಕರಗಿದ ಜಾಗ ಸವರಿ ನೋಡಿ ನಕ್ಕುಬಿಟ್ರು. ದೊಡ್ಡ ದಾರಿ ಮುಚ್ಚಿದ್ರೆ ಕರೆಂಟು ಸಣ್ಣ ದಾರಿ ಹುಡುಕುತ್ತೆ, ಎಂಜಿನ್ನಿಂದ ಬಾಡಿಗೆ ಹೋಗೋ ಲೋಹದ ದಾರಿ ಅಂದ್ರೆ ಈ ಕೇಬಲ್ಲು, ಅಷ್ಟು ಕರೆಂಟು ಅದರಲ್ಲಿ ಹರಿದ್ರೆ ಕಾದು ಪ್ಲಾಸ್ಟಿಕ್ ಕರಗದೆ ಇನ್ನೇನಾಗುತ್ತೆ. ಆಗಸ್ಟಲ್ಲೇ ಗಾಡಿ ಬಾಯಿಬಿಟ್ಟು ಹೇಳಿತ್ತು. ನಿಮ್ಮ ಹಳೇ ಗಾಡೀಲಿ ಆಕ್ಸಿಲರೇಟರ್ ಕೇಬಲ್ ಕಾರಣ ಇಲ್ದೆ ಕರಗಿದ್ರೆ, ಸೆಲ್ಫ್ ಹೊಡೆದಾಗ ಬಿಸಿಯಾದ್ರೆ, ಬೇರೆ ಏನನ್ನೂ ನೋಡ್ಬೇಡಿ, ಸೀದಾ ಅರ್ಥ್ ನೋಡಿ.

ಬನ್ನಿಮಂಟಪದ ಕಡೆ ಒಂದು ಆಟೋ ಎಲೆಕ್ಟ್ರಿಕಲ್ ಅಂಗಡೀಲಿ ಅಳತೆ ಹೇಳಿ ದಪ್ಪ ವೈರು ಲಗ್ ಸಮೇತ 160ಕ್ಕೆ ಮಾಡಿಸ್ಕೊಂಡ್ ಬಂದ್ವಿ, ಸರಿಯಾದ ಬೋಲ್ಟು ವಾಷರ್ 20. ಗೇರ್‌ಬಾಕ್ಸಿನ ಆ ಜಾಗ ಮರಳು ಕಾಗದದಲ್ಲಿ ಹೊಳೆಯೋ ಹಾಗೆ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿದ್ವಿ. ಮತ್ತೆ ಮೀಟರ್ ಹಿಡಿದ್ರೆ 0.1. ಸ್ಟಾರ್ಟ್ ಆದ್ಮೇಲೆ ಬ್ಯಾಟ್ರಿ ಮೇಲೆ 14.1, ಬ್ಯಾಟ್ರಿ ಚಾರ್ಜ್ ಮಾಡೋ ಆಲ್ಟರ್ನೇಟರೂ ಸರಿ ಇದೆ.

ಇಸಿಎಂ ವಿಷ್ಯ ಕೇಳಿದ್ದಕ್ಕೆ ಮಾವ ಕೀ ಆನ್ ಮಾಡಿ ಸುಮ್ನೆ ಕೇಳಿಸ್ಕೋ ಅಂದ್ರು. ಚೆಕ್ ಎಂಜಿನ್ ಲೈಟ್ ಬಂತು, ಹಿಂದೆ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಎರಡು ಸೆಕೆಂಡ್ ಗುಂಯ್ ಅಂದು ನಿಂತಿತು, ಅಂದ್ರೆ ಇಸಿಎಂ ಬದುಕಿದೆ. ಅದೂ ಅಲ್ದೆ ತಳ್ಳಿದ್ರೆ ಹತ್ತೋ ಗಾಡಿಗೆ ಇಸಿಎಂ ಹೋಗಿದೆ ಅಂದವನಿಗೆ ಏನ್ ಹೇಳೋದು. ಸೆಲ್ಫ್ ಚೆನ್ನಾಗಿ ತಿರುಗಿ ಎಂಜಿನ್ ಹತ್ತದೇ ಇದ್ರೆ ಅದು ಬೇರೆ ರೋಗ, ಆಗ ಈ ಪಂಪ್ ಸದ್ದು, ಫ್ಯೂಸು, ಪ್ಲಗ್ಗಿನ ಕಿಡಿ ನೋಡ್ಬೇಕು.

ಮಾರನೇ ದಿನ ಗ್ಯಾರೇಜಿಗೆ ಹೋದೆ. ಮೂಲೇಲಿ ಮೂರ್ನಾಲ್ಕು ಬ್ಯಾಟ್ರಿ ಚಾರ್ಜಿಗೆ ಇಟ್ಟಿದ್ರು, ಒಂದರ ಮೇಲೆ ಕೊಂಡ ತಾರೀಖು ಮಾರ್ಕರ್ ಪೆನ್ನಲ್ಲಿ ಬರೆದಿದೆ, ಅಕ್ಷರ ನಂದೇ. "ಡೆಡ್" ಆದ ಬ್ಯಾಟ್ರಿ. ಹುಡುಗನ್ನ ಕೇಳಿದ್ರೆ 1,800ಕ್ಕೆ ಕೊಡ್ತೀವಿ ಸಾರ್, ಕಂಡೀಷನ್ ಚೆನ್ನಾಗಿದೆ ಅಂದ. ಓನರ್ ಹತ್ರ ಜಗಳ ಆಯ್ತು, ಬಿಲ್ ಇಲ್ಲ, ಹಳೇ ಪಾರ್ಟ್ ಇಲ್ಲ, ನನ್ನ ಕೈಲಿ ಒಂದು ಬಿಳಿ ಚೀಟಿ. ನೀವಾದ್ರೂ ಬ್ಯಾಟ್ರಿ ಬದಲಿಸೋ ಮುಂಚೆ ವಾರಂಟಿ ಕಾರ್ಡ್ ತಗೊಂಡು ಬ್ಯಾಟ್ರಿ ಡೀಲರ್ ಹತ್ರನೇ ಹೋಗಿ ಟೆಸ್ಟ್ ಮಾಡ್ಸಿ, ಬಿಚ್ಚಿದ್ದೆಲ್ಲ ವಾಪಸ್ ಬೇಕು ಅಂತ ಕೆಲಸ ಶುರು ಮಾಡೋ ಮುಂಚೆನೇ ಹೇಳಿ, ಒಂದು ಮಲ್ಟಿಮೀಟರ್ ಇಟ್ಕೊಳಿ, ಮುನ್ನೂರು ನಾನೂರಿಗೆ ಬರುತ್ತೆ.

ಅಡ್ವಾನ್ಸ್ 3,000 ಇನ್ನೂ ಬಂದಿಲ್ಲ. ನಿನ್ನೆ ಫೋನ್ ಮಾಡಿದ್ರೆ, "ಸಾರ್, ನಿಮ್ಮ ಇಸಿಎಂ ಬೆಂಗ್ಳೂರು ಬಿಟ್ಟಿದೆ, ನಾಳೆ ಬಂದ್ಬಿಡುತ್ತೆ" ಅಂದ.