ಲಂಚ, ಗಿಫ್ಟ್ ಬಗ್ಗೆ ನಮ್ ಫ್ಯಾಕ್ಟರೀಲಿ ಆದ ಟ್ರೈನಿಂಗ್: 5ಕ್ಕೆ 4 ಸ್ಟಾರ್

ನಾನು ಶಿವಮೊಗ್ಗ ಹತ್ರ ಮಾಚೇನಹಳ್ಳಿ ಕಡೆ ಒಂದು ಫೌಂಡ್ರಿಯಲ್ಲಿ ಪರ್ಚೇಸ್ ನೋಡ್ಕೊಳ್ಳೋದು. ನಮ್ ಕಾಸ್ಟಿಂಗ್ (ಎರಕ ಹೊಯ್ದ ಭಾಗಗಳು) ಇಂಗ್ಲೆಂಡಿಗೂ ಹೋಗುತ್ತೆ, ಅಲ್ಲಿನ ಗಿರಾಕಿ ಈ ಸಲ ಲಂಚ ತಡೆ ಟ್ರೈನಿಂಗ್ ಆಗ್ಲೇಬೇಕು ಅಂದ್ರು, ಅದಕ್ಕೆ ಬೆಂಗಳೂರಿನ ಒಂದು ಸಂಸ್ಥೆಯವ್ರನ್ನ ಕರೆಸಿದ್ರು. ಬೇರೆ ಫ್ಯಾಕ್ಟರಿ, ಸೊಸೈಟಿಯವ್ರೂ ಕರೆಸೋ ಯೋಚನೇಲಿದ್ರೆ ಉಪಯೋಗ ಆಗ್ಲಿ ಅಂತ ಬರೀತಿದೀನಿ.

ಬಂದ ಮೇಡಂ ಪೂರ್ತಿ ಕನ್ನಡದಲ್ಲೇ ಹೇಳಿದ್ರು, ಹಂಗಾಗಿ ಸ್ಟೋರ್ಸ್ ಹುಡುಗ್ರೂ ಧೈರ್ಯವಾಗಿ ಪ್ರಶ್ನೆ ಕೇಳಿದ್ರು. ಕಾನೂನಿನ ಭಾಗ ಚಿಕ್ಕದಾಗಿ ಮುಗಿಸಿದ್ರು ಆದ್ರೆ ನೆಟ್ಟಗೆ ತಲೆಗೆ ಹೋಯ್ತು. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ್ಮೇಲೆ ಸರ್ಕಾರಿ ನೌಕರರಿಗೆ ಲಂಚ ಕೊಡೋದೂ ನೇರ ಅಪರಾಧ, 7 ವರ್ಷದವರೆಗೂ ಜೈಲು ಆಗ್ಬಹುದು, ಬಲವಂತಕ್ಕೆ ಕೊಟ್ಟಿದ್ರೆ 7 ದಿನದೊಳಗೆ ಪೊಲೀಸ್ರಿಗೋ ತನಿಖಾ ಸಂಸ್ಥೆಗೋ ತಿಳಿಸ್ಬೇಕು. ಬ್ರಿಟನ್ನಿನ 2010ರ ಲಂಚ ತಡೆ ಕಾಯ್ದೆ ಇನ್ನೂ ಬಿಗಿ, ಅದ್ರಲ್ಲಿ ಖಾಸಗಿ ಕಂಪನಿಗಳ ನಡುವಿನ ಲಂಚಾನೂ ಬರುತ್ತೆ, ಕಂಪನಿ ಪರವಾಗಿ ಏಜೆಂಟ್ ಕೊಟ್ರೂ ಕಂಪನಿ ಸಿಕ್ಕಾಕೊಳ್ಳುತ್ತೆ, ತಡೆಯೋಕೆ ಸರಿಯಾದ ವ್ಯವಸ್ಥೆ ಇಟ್ಟಿದ್ವಿ ಅಂತ ತೋರಿಸಿದ್ರೆ ಮಾತ್ರ ಬಚಾವ್. ನಮ್ ಗಿರಾಕಿ ಯಾಕೆ ಅಷ್ಟು ಹಠ ಹಿಡಿದ್ರು ಅಂತ ಆಗ ಗೊತ್ತಾಯ್ತು.

ನಂಗೆ ತುಂಬಾ ಹಿಡಿಸಿದ್ದು ಗಿಫ್ಟ್ ಬಗ್ಗೆ ನಡೆದ ಮಾತು. ನಮ್ ಮಲೆನಾಡಲ್ಲಿ ಯಾರ ಮನೆಗೂ ಬರಿಗೈಲಿ ಹೋಗೋ ಪದ್ಧತಿ ಇಲ್ಲ, ಮೇಡಂ ಅದನ್ನ ತಪ್ಪು ಅಂತ ಒಂದ್ಸಲಾನೂ ಹೇಳ್ಲಿಲ್ಲ. ನಮ್ಮವ್ರೊಬ್ರು ಕೇಳಿದ್ರು, ಹೊಸನಗರದ ಸಪ್ಲೈಯರ್ ಪ್ರತಿ ವರ್ಷ ಅಪ್ಪೆಮಿಡಿ ಉಪ್ಪಿನಕಾಯಿ ತಂದ್ಕೊಡ್ತಾರೆ, ಬೇಡ ಅಂದ್ರೆ ಬೇಜಾರ್ ಮಾಡ್ಕೋತಾರೆ, ಏನ್ ಮಾಡೋದು ಅಂತ. "ತಗೊಳ್ಳಿ ಸಾರ್, ರಿಜಿಸ್ಟರಲ್ಲಿ ಬರೀರಿ, ಕ್ಯಾಂಟೀನಿಗೆ ಕೊಡಿ, ಎಲ್ರೂ ಊಟಕ್ಕೆ ಹಾಕ್ಕೊಳ್ಳಿ. ಅವ್ರ ಕೊಟೇಶನ್ ನಿಮ್ ಟೇಬಲ್ ಮೇಲಿರುವಾಗ ಮಾತ್ರ ಬೇಡ" ಅಂದ್ರು. ಬೆಲೆ ಎಷ್ಟು ಅನ್ನೋದಕ್ಕಿಂತ ಯಾವಾಗ ಕೊಟ್ರು, ಯಾಕೆ ಕೊಟ್ರು, ಎಲ್ರ ಮುಂದೆ ತಗೊಳ್ಳೋಕಾಗುತ್ತಾ ಅಂತ ನೋಡಿ ಅನ್ನೋದು ಅವ್ರ ಲೆಕ್ಕ. ದುಡ್ಡು, ಗಿಫ್ಟ್ ಕಾರ್ಡ್, ಬಂಗಾರದ ಕಾಯಿನ್ ಎಷ್ಟೇ ಸಣ್ಣದಾದ್ರೂ ಇಲ್ಲ. ಪ್ಲಾಂಟ್ ನೋಡೋಕೆ ಹೋದಾಗ ಮಧ್ಯಾಹ್ನ ಊಟ ಸರಿ, ಆಗುಂಬೆ ಹೋಮ್‌ಸ್ಟೇಲಿ ಹೆಂಡ್ತಿ ಮಕ್ಳ ಜೊತೆ ಎರಡು ದಿನ ಸರಿಯಲ್ಲ.

ಮದುವೆ ಮುಯ್ಯಿ ವಿಷಯಕ್ಕೆ ಬಂದಾಗ ಮಾತ್ರ ಜೋರು ಚರ್ಚೆ ಆಯ್ತು. ಸಪ್ಲೈಯರ್ ಮಗನ ಮದುವೇಲಿ ನಾವು ಕವರ್ ಹಾಕಿರ್ತೀವಿ, ನಮ್ ಮನೆ ಮದುವೇಲಿ ಅವ್ರೂ ಹಾಕ್ತಾರೆ, ಇದು ಸಂಬಂಧದ ಲೆಕ್ಕ ತಾನೆ ಅಂತ ಹಿರಿಯರೊಬ್ರು. ಆದ್ರೆ ಪರ್ಚೇಸಲ್ಲಿರೋನ ಮನೆಗೆ ಬರೋ ಕವರಿನ ದಪ್ಪ ಬೇರೇನೇ ಇರುತ್ತೆ, ಇದು ನಮ್ಗೆಲ್ಲಾ ಗೊತ್ತಿರೋದೇ, ಮೇಡಂ ಅದನ್ನ ಮುಲಾಜಿಲ್ದೆ ಹೇಳಿದ್ದು ನಂಗೆ ಖುಷಿ ಆಯ್ತು. ಕೊನೆಗೆ ಸಪ್ಲೈಯರ್‌ಗಳಿಗೆ ಕೊಡೋ ಲಗ್ನಪತ್ರಿಕೇಲಿ 'ಆಶೀರ್ವಾದವೇ ಉಡುಗೊರೆ' ಅಂತ ಪ್ರಿಂಟ್ ಹಾಕ್ಸೋದು, ಆಮೇಲೂ ಕವರ್ ಬಂದ್ರೆ ವಾಪಸ್ ಕಳಿಸಿ ಮ್ಯಾನೇಜರಿಗೆ ಮೇಲ್ ಹಾಕೋದು ಅಂತ ತೀರ್ಮಾನ ಆಯ್ತು.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಡ್ರೈವರ್‌ಗಳ ವಿಷಯಕ್ಕೆ. ದಾರೀಲಿ ಲಾರಿ ನಿಲ್ಸಿ ಚಾ ಖರ್ಚು ಕೇಳೋರ ಮುಂದೆ ನಿಲ್ಲೋದು ಡ್ರೈವರ್, ನಾವಲ್ಲ, ಆದ್ರೆ ಅವ್ರನ್ನ ಸೆಷನ್ನಿಗೆ ಸೇರಿಸ್ಕೊಳ್ಳಲೇ ಇಲ್ಲ. ಬ್ರಿಟನ್ ಕಾಯ್ದೇಲಿ ಸಣ್ಣ ಮೊತ್ತ ಅಂತ ವಿನಾಯ್ತಿ ಇಲ್ಲ ಅಂತ ಒಂದು ಮಾತು ಹೇಳಿ ಮುಂದಕ್ಕೆ ಹೋದ್ರು. ರಾತ್ರಿ ಹೊತ್ತು ಘಾಟಿಯಲ್ಲಿ ಒಬ್ನೇ ಇರೋ ಡ್ರೈವರ್ ಕೇಳಿದವ್ನಿಗೆ ಏನು ಹೇಳ್ಬೇಕು, ಯಾರಿಗೆ ಫೋನ್ ಮಾಡ್ಬೇಕು, ಮಾಲು ಲೇಟಾದ್ರೆ ಅವ್ನ ಬಾಟಾ ಕಟ್ ಆಗಲ್ಲ ಅಂತ ಮಾತು ಕೊಡೋರು ಯಾರು? ಇದಕ್ಕೆ ಉತ್ತರ ಸಿಗ್ಲಿಲ್ಲ. ಜೊತೆಗೆ ಅವ್ರು ಕೊಟ್ಟ ಪಾಲಿಸಿ ಕಾಪಿ ಪೂರ್ತಿ ಇಂಗ್ಲಿಷಲ್ಲಿದೆ, ಕನ್ನಡದಲ್ಲಿ ಹೇಳಿದ ಮೇಲೆ ಕನ್ನಡದಲ್ಲೇ ಕೊಡ್ಬಹುದಿತ್ತು.

ನೀವು ಇಂಥ ಟ್ರೈನಿಂಗ್ ಕರೆಸೋದಾದ್ರೆ ರೇಟ್ ಮಾತಾಡುವಾಗ್ಲೇ ಡ್ರೈವರ್, ಸೆಕ್ಯುರಿಟಿಯವ್ರಿಗೆ ಬೇರೆ ಸೆಷನ್ ಬೇಕು, ಕನ್ನಡದ ಪಾಲಿಸಿ ಕಾಪಿ ಬೇಕು ಅಂತ ಬರೆಸ್ಕೊಂಡು ಬಿಡಿ.